ಮಠಕ್ಕೆ ಹೋಗಿ ಬಂದವರ ಹಣೆ

ನಮ್ಮ ಬೀದಿಯಲ್ಲಿ ನನಗೆ ಮಹಾಭಕ್ತೆ ಎಂಬ ಹೆಸರಿತ್ತು. ಈಗಲೂ ಇದೆ ಅನ್ನಿ. ಯಾದವಗಿರಿಯ ಹಳಬರು ಯಾರಾದರೂ ಎದುರಿಗೆ ಸಿಕ್ಕರೆ ಇವತ್ತಿಗೂ ಕೈಮುಗಿದೇ ಮಾತಾಡಿಸುತ್ತಾರೆ. ನಾನೂ ಮುಗಿಯುತ್ತೇನೆ. ಒಳಗೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಆ ಹೆಸರು ನನಗೆ ಬಂದದ್ದು ಭಕ್ತಿಯಿಂದ ಅಲ್ಲವೇ ಅಲ್ಲ, ಹೆದರಿಕೆಯಿಂದ. ಒಬ್ಬಳು ಹೆದರಿ ಸಾಯುತ್ತಿದ್ದಳು, ಸುತ್ತ ಇದ್ದವರು ಅವಳಿಗೆ ಕೈಮುಗಿದರು, ಅಷ್ಟೇ ನಡೆದದ್ದು.

ನಾನು ಹುಟ್ಟಿ ಬೆಳೆದದ್ದು ಮಂಡಿ ಮೊಹಲ್ಲಾದಲ್ಲಿ. ಅಪ್ಪನದು ಬೆಲ್ಲದ ಮಂಡಿ, ಅಂಗಡಿಯ ಮೇಲೆಯೇ ಮನೆ. ಬೆಳಗಾದರೆ ಲಾರಿಯಿಂದ ಮೂಟೆ ಇಳಿಸುವವರ ಕೂಗಾಟ, ಪಕ್ಕದ ಓಣಿಯಲ್ಲಿ ತಗಡು ಬಡಿಯುವ ಸದ್ದು, ಮಸೀದಿಯ ಬಾಂಗು, ಇವೆಲ್ಲದರ ಮೇಲೆ ನಮ್ಮಮ್ಮನ ಬೈಗುಳ. ಆ ಗಲಾಟೆಯಲ್ಲಿ ನನಗೆ ಒಂದು ದಿನವಾದರೂ ಭಯವಾದದ್ದು ನೆನಪಿಲ್ಲ. ಭಯಪಡುವುದಕ್ಕೂ ಸ್ವಲ್ಪ ಪುರುಸೊತ್ತು ಬೇಕಲ್ಲ, ಅದು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಅದೇ ಊರಿನ ಯಾದವಗಿರಿ ಬಡಾವಣೆಗೆ ಬಂದೆ. ದೊಡ್ಡ ಕಾಂಪೌಂಡು, ಹಳೆಯ ಹೆಂಚಿನ ಮನೆ, ಒಳಗೆ ಮೂರೇ ಜನ: ನಾನು, ನನ್ನ ಗಂಡ, ಮಾವನನ್ನು ಕಳೆದುಕೊಂಡಿದ್ದ ಅತ್ತೆ. ಗಂಡನಿಗೆ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ಬೆಳಿಗ್ಗೆ ಅವರು ಕಂಪನಿ ಬಸ್ಸು ಹತ್ತಿದ ಮೇಲೆ ಆ ಮನೆ ಗಪ್‌ಚಿಪ್. ಮಧ್ಯಾಹ್ನ ಅತ್ತೆ ಮಲಗಿದರಂತೂ ಗೋಡೆ ಗಡಿಯಾರ ಬಿಟ್ಟು ಬೇರೆ ಸದ್ದಿಲ್ಲ. ಎಲ್ಲರೂ ನನ್ನ ಅದೃಷ್ಟ ಹೊಗಳಿದರು, ಎಂಥ ಶಾಂತವಾದ ಜಾಗ ಎಂದರು. ಆ ಶಾಂತಿಯೇ ನನ್ನನ್ನು ತಿಂದು ಹಾಕಿತು.

ಮೊದಲ ಸಲ ಆದದ್ದು ಒಂದು ಸಂಜೆ. ಬಸ್ಸು ಬರುವ ಹೊತ್ತು ಕಳೆದಿತ್ತು, ಇವರು ಬಂದಿರಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿದದ್ದೇ ತಡ, ಎದೆ ಧಸಕ್ಕೆಂದಿತು. ಯಂತ್ರಕ್ಕೆ ಕೈ ಸಿಕ್ಕಿರಬೇಕು, ಬಸ್ಸು ಮಗುಚಿರಬೇಕು, ಈಗ ಫೋನ್ ಬರುತ್ತದೆ, ಈಗ ಗೇಟು ಕಿರ್ರೆನ್ನುತ್ತದೆ. ಕೈಕಾಲು ತಣ್ಣಗಾದವು, ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. ಹಿಡಿದುಕೊಳ್ಳಲು ಏನಾದರೂ ಬೇಕಾಗಿತ್ತು. ನಮ್ಮದು ಲಿಂಗ ಕಟ್ಟುವ ಮನೆತನ. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಯಾವಾಗಲೂ ಕೊರಳಲ್ಲಿ ಇರುತ್ತದೆ. ಕೈಗೆ ಸಿಕ್ಕಿದ್ದು ಅದು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಗೋಡೆಗೆ ಒರಗಿ, ಕಣ್ಣುಮುಚ್ಚಿ ನಿಂತೆ. ಬೆಳ್ಳಿ ತಣ್ಣಗಿತ್ತು, ಅಂಚು ಅಂಗೈಗೆ ಒತ್ತುತ್ತಿತ್ತು. ಆ ಒತ್ತುವುದರ ಮೇಲೆಯೇ ಗಮನ ಇಟ್ಟರೆ ಉಸಿರು ನಿಧಾನಕ್ಕೆ ಕೆಳಗಿಳಿಯುತ್ತದೆ ಎಂದು ಅವತ್ತು ಗೊತ್ತಾಯಿತು. ದೇವರ ನೆನಪು, ಆಣೆಗೂ, ನನಗೆ ಬಂದಿರಲಿಲ್ಲ.

ಕಣ್ಣು ತೆರೆದರೆ ಅಡುಗೆಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ನನ್ನ ಮುಷ್ಟಿ ನೋಡಿದರು, ಮುಖ ನೋಡಿದರು. ಒಗ್ಗರಣೆ ಸೀದು ಹೊಗೆ ಏಳುತ್ತಿತ್ತು, ಅದಕ್ಕೂ ಬೈಯಲಿಲ್ಲ. ಬಂದು ಸ್ಟೌ ಆರಿಸಿದರು. ಆಮೇಲೆ ಇವರು ಬಂದಾಗ (ಓವರ್‌ಟೈಮಂತೆ, ಒಂದು ಫೋನ್ ಮಾಡುವುದಕ್ಕೆ ಇವರ ಗಂಟೇನು ಹೋಗುತ್ತಿತ್ತೋ!) ಅತ್ತೆ ಮಗನ ಮುಂದೆ ಹೇಳಿದರು, ಒಲೆ ಮುಂದೆ ನಿಂತೂ ಶಿವಧ್ಯಾನ ಮಾಡುವ ಸೊಸೆ ಸಿಕ್ಕಿದ್ದಾಳೆ, ನಾವು ಪುಣ್ಯ ಮಾಡಿದ್ದೆವು ಎಂದು. ಮಾರನೆಯ ದಿನ ಪಕ್ಕದ ಮನೆಗೆ ಹೇಳಿದರು. ಆ ವಾರ ಮುಗಿಯುವುದರೊಳಗೆ ಇಡೀ ಬೀದಿಗೆ ಗೊತ್ತಾಗಿತ್ತು.

ಹೆದರಿಕೆ ಒಂದು ಸಲ ದಾರಿ ಕಂಡುಕೊಂಡರೆ ಮುಗಿಯಿತು. ಗೇಟು ಸದ್ದಾದರೆ ಬಂತು, ಸದ್ದಾಗದಿದ್ದರೆ ಬಂತು. ಹಗಲು ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಜೀವ ಬಾಯಿಗೆ ಬರುತ್ತಿತ್ತು. ಮಗಳು ಹುಟ್ಟಿದ ಮೇಲೆ ಕೇಳಬೇಡಿ, ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಿದೆಯೋ ಇಲ್ಲವೋ ಎಂದು ನೋಡಿ ನೋಡಿ ನನ್ನ ಉಸಿರು ನಿಲ್ಲುತ್ತಿತ್ತು. ಪ್ರತಿ ಸಲವೂ ಕೈ ಕೊರಳಿಗೆ, ಕಣ್ಣು ಮುಚ್ಚಿ, ಗೋಡೆಗೆ ಒರಗಿ. ಮದುವೆಮನೆಯ ಪಂಕ್ತಿಯಲ್ಲಿ ಕೂತಾಗ, ರೈಲ್ವೆ ಸ್ಟೇಷನ್ನಿನ ಗದ್ದಲದಲ್ಲಿ ನಿಂತಾಗ, ಎಲ್ಲೆಂದರಲ್ಲಿ. ಜನ ನೋಡುತ್ತಿದ್ದರು. ಮೆಚ್ಚುತ್ತಿದ್ದರು.

ಆಮೇಲೆ ನನ್ನನ್ನು ಕರೆಯುವುದು ಶುರುವಾಯಿತು. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಲು ನಾನು ಬೇಕು. ಬಸುರಿಗೆ ಮೊದಲು ಮಡಿಲು ತುಂಬಲು ನಾನು ಬೇಕು. ನನ್ನ ಕೈಗುಣ ಒಳ್ಳೆಯದಂತೆ. ಹಸುಗೂಸುಗಳನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸುತ್ತಿದ್ದರು, ನಾನು ಎಲ್ಲಿ ಕೈಜಾರಿ ಬೀಳಿಸಿಬಿಡುತ್ತೇನೋ ಎಂದು ಬೆವರುತ್ತಾ ಕರಡಿಗೆ ಹಿಡಿಯುತ್ತಿದ್ದೆ. ಅವರು ಮಗುವಿನ ತಲೆ ಮುಟ್ಟಿ ತಾವೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಗು ಬರುತ್ತದಲ್ಲವೇ? ನನಗೆ ಇವತ್ತಿಗೂ ಬಂದಿಲ್ಲ.

ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಿದೆ. ಗಂಡನಿಗೆ ಹೇಳಿದೆ, ಎದೆ ಡವಡವ ಅನ್ನುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ ಎಂದು. ಅವರು ಪೇಪರಿನಿಂದ ತಲೆ ಎತ್ತದೆ, ಎಲ್ಲಾರಿಗೂ ಆಗೋದೇ ಬುಡು, ತಲೆ ಕೆಡಿಸ್ಕೋಬೇಡ ಅಂದರು. ಕೆಟ್ಟವರಲ್ಲ. ಅವರಿಗೆ ತಲೆ ಯಾವತ್ತೂ ಕೆಟ್ಟದ್ದಿಲ್ಲ, ಅದೇ ತೊಂದರೆ. ತವರಿಗೆ ಹೋಗಿ ಅಮ್ಮನ ಮುಂದೆ ಬಾಯಿಬಿಟ್ಟೆ. ಅಮ್ಮ ಅಕ್ಕಿ ಆರಿಸುತ್ತಾ, ಗಂಡನ ಮನೆಯಲ್ಲಿ ಒಳ್ಳೆಯ ಹೆಸರು ಸಿಗುವುದು ಸುಲಭವಲ್ಲ, ಸಿಕ್ಕಿದ್ದನ್ನು ಕೈಯಾರೆ ಕಳೆದುಕೊಳ್ಳಬೇಡ ಎಂದು ಬುದ್ಧಿ ಹೇಳಿದಳು. ಕೊನೆಗೆ ಅತ್ತೆಯನ್ನೇ ಕೇಳಿದೆ, ಯಾರಾದರೂ ಡಾಕ್ಟರಿಗೆ ತೋರಿಸಿದರೆ ಹೇಗೆ ಅಂತ. ಇಷ್ಟು ಭಕ್ತಿ ಇರುವವಳಿಗೆ ಡಾಕ್ಟರು ಯಾಕೆ, ನಾಲ್ಕು ಜನ ಕೇಳಿದರೆ ಏನೆಂದುಕೊಂಡಾರು ಎಂದು ಅಲ್ಲಿಗೇ ಮಾತು ಮುರಿದರು. ಬಾಯಲ್ಲಿಟ್ಟ ಬಿಸಿತುಪ್ಪದ ಹಾಗಾಗಿತ್ತು ನನ್ನ ಹೆಸರು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹಾಗೇ ವರ್ಷಗಳು ಹೋದವು.

ನನ್ನದು ಹೇಗೋ ನಡೆಯುತ್ತಿತ್ತು. ಮಗಳಿಗೆ ಮಾತ್ರ ಇದು ಬರಬಾರದಿತ್ತು.

ಅವಳು ಪ್ರೈಮರಿ ಸ್ಕೂಲಿನಲ್ಲಿದ್ದಾಗಲೇ ನನಗೆ ಅನುಮಾನ ಹುಟ್ಟಿತ್ತು. ಸಂಜೆಯಾದರೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಯಾಕೆ ಬರಲಿಲ್ಲ ಎಂದು ಒಮ್ಮೆ ಕೇಳಿ ಉತ್ತರ ಪಡೆದವಳು ಮತ್ತೆ ಅದನ್ನೇ ಕೇಳುತ್ತಿದ್ದಳು. ಆ ಕೇಳುವ ದನಿ ನನಗೆ ಗೊತ್ತು, ಅದು ನನ್ನೊಳಗೇ ಇಷ್ಟು ದಿನ ಕೂತಿದ್ದ ದನಿ. ಒಂದು ದಿನ ಅವಳ ಸ್ಕೂಲಿನ ಟೀಚರ್ ನನ್ನನ್ನು ಕರೆಸಿ, ಪಾಠದ ನಡುವೆ ಹುಡುಗಿ ಬಿಳಿಚಿಕೊಳ್ಳುತ್ತಾಳೆ, ಅಮ್ಮ ಮನೆಯಲ್ಲಿ ಇದ್ದಾಳೋ ಇಲ್ಲವೋ ನೋಡಬೇಕು ಎಂದು ಅಳುತ್ತಾಳೆ, ಒಬ್ಬ ಡಾಕ್ಟರಿಗೆ ತೋರಿಸಿ ಎಂದರು. ಸರಸ್ವತಿಪುರಂನಲ್ಲಿ ಮನಸ್ಸಿನ ಕಾಯಿಲೆಗಳನ್ನು ನೋಡುವ ಒಬ್ಬ ಲೇಡಿ ಡಾಕ್ಟರ ಗುರುತು ಹೇಳಿದರು. ಟೀಚರ್ ಮುಂದೆ ನಾನು ಸುಮ್ಮನೆ ತಲೆಯಾಡಿಸಿದೆ. ಹೊರಗೆ ಬಂದು ಸ್ಕೂಲಿನ ಕಾಂಪೌಂಡು ಗೋಡೆ ಹಿಡಿದು ನಿಂತೆ. ನನ್ನ ರೋಗ ನನ್ನ ಮಗಳ ಮೈಗೆ ಇಳಿದಿತ್ತು.

ಮನೆಯಲ್ಲಿ ವಿಷಯ ತೆಗೆದೆ. ಡಾಕ್ಟರ ಮಾತು ಯಾರ ಕಿವಿಗೂ ಬೀಳಲಿಲ್ಲ. ಹೇಗೂ ಲಿಂಗದೀಕ್ಷೆ ಆಗಬೇಕು, ಕೊರಳಿಗೆ ಲಿಂಗ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅತ್ತೆ ತೀರ್ಮಾನ ಮಾಡಿದರು. ಗಂಡ ಹೂಂ ಅಂದರು. ನಮ್ಮ ಅಯ್ನೋರನ್ನು ಕರೆಸಿ ಮನೆಯಲ್ಲೇ ದೀಕ್ಷೆ ಇಟ್ಟುಕೊಂಡೆವು. ಎರಡೂ ಕಡೆಯ ನೆಂಟರು, ಬೀದಿಯವರು, ನಡುಮನೆಯ ತುಂಬ ಜನ. ಧೂಪದ ಹೊಗೆ, ಗಂಟೆಯ ಸದ್ದು. ಅಯ್ನೋರು ಮಗುವಿನ ಅಂಗೈ ಮೇಲೆ ಲಿಂಗವಿಟ್ಟು ಮಂತ್ರ ಹೇಳಿಕೊಟ್ಟರು, ಪೂಜೆ ಮಾಡಿಸಿದರು, ಹೊಸ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿದರು. ಎಲ್ಲ ಚೆಂದವಾಗಿಯೇ ನಡೆಯಿತು. ಆಶೀರ್ವಾದ ಮಾಡಲು ಜನ ಒಟ್ಟಿಗೆ ಎದ್ದು ಅವಳ ಸುತ್ತ ಮುತ್ತಿಕೊಂಡರು ನೋಡಿ, ಆಗ ಅವಳ ಮುಖದ ಬಣ್ಣ ಹೋಯಿತು. ಕಣ್ಣು ನನ್ನನ್ನು ಹುಡುಕಿದವು, ಸಿಗಲಿಲ್ಲ. ಕೈ ಮೇಲಕ್ಕೆ ಹೋಯಿತು. ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಣ್ಣು ಮುಚ್ಚಿದಳು. ಉಗುರೆಲ್ಲ ಬೆಳ್ಳಗಾಗಿದ್ದವು.

ಜನ ಒಂದು ಸಲ ಹಾ ಅಂದರು. ಯಾರೋ ಹಿಂದಿನಿಂದ, ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂದರು. ಅತ್ತೆಯ ಕಣ್ಣಲ್ಲಿ ನೀರು. ಮಗುವನ್ನು ಹಾಗೇ ನಿಲ್ಲಿಸಿ ಫೋಟೋ ತೆಗೆಯಿರಿ ಎಂದು ಇನ್ಯಾರೋ ಕೂಗಿದರು. ನಾನು ಜನರನ್ನು ಎರಡೂ ಕೈಯಲ್ಲಿ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಮಗಳನ್ನು ತಬ್ಬಿಕೊಂಡೆ. ಅವಳ ಬೆನ್ನು ಒದ್ದೆಯಾಗಿತ್ತು. ಆ ಬೆನ್ನು ಮುಟ್ಟಿದ ಮೇಲೆ ನನಗೆ ನಾಲ್ಕು ಜನ ಏನೆಂದುಕೊಳ್ಳುತ್ತಾರೆ ಎಂಬುದು ಮರೆತುಹೋಯಿತು.

"ಇದು ಭಕ್ತಿ ಅಲ್ಲ. ಮಗು ಹೆದರ್ಕೊಂಡಿದೆ," ಅಂದೆ. "ನಾನೂ ಇಷ್ಟು ವರ್ಷ ಹೆದರ್ಕೊಂಡೇ ಇದ್ದೆ. ನಂಗೆ ಯಾವ ಭಕ್ತೀನೂ ಇಲ್ಲ."

ಬೀದಿಯ ಕೊನೆಯ ಮನೆಯ ಹಿರಿಯರೊಬ್ಬರು ನಕ್ಕರು, ಕೈಮುಗಿದರು. ನಿಜವಾದ ಶರಣರು ತಮಗೆ ಭಕ್ತಿ ಇದೆ ಎಂದು ಎಲ್ಲಾದರೂ ಹೇಳಿಕೊಳ್ಳುತ್ತಾರೆಯೇ, ಎಂಥ ವಿನಯ ನೋಡಿ ಎಂದರು. ಎಲ್ಲರೂ ಹೌದು ಹೌದು ಅಂದರು. ಒಬ್ಬಾಕೆ ಬಗ್ಗಿ ನನ್ನ ಕಾಲು ಮುಟ್ಟಿದಳು. ಥೂ, ಎಂಥ ಜನ! ಬೆಂಕಿ ಬಿದ್ದಿದೆ ಎಂದು ಕಿರುಚಿದರೂ ಆರತಿ ಎಂದುಕೊಂಡು ಕೈ ಒಡ್ಡುವವರು. ಅಷ್ಟರಲ್ಲಿ ಎಲೆ ಹಾಕಿದ್ದಾರೆ ಎಂದು ಕರೆ ಬಂತು, ಎಲ್ಲರೂ ಊಟಕ್ಕೆ ನಡೆದರು.

ಇನ್ನು ಮನೆಯವರನ್ನು ಕೇಳಿ ಮಾಡುವುದು ಏನೂ ಇಲ್ಲ ಎಂದು ಅವತ್ತೇ ನಿರ್ಧಾರ ಮಾಡಿದೆ. ಆದರೆ ಹೇಳದೆ ಹೊರಗೆ ಹೋಗುವ ಮನೆಯಲ್ಲ ಅದು. ಮುಂದಿನ ಶನಿವಾರ ಮಧ್ಯಾಹ್ನ ಮಗಳು ಸ್ಕೂಲಿನಿಂದ ಬಂದ ಮೇಲೆ ಅವಳಿಗೆ ತಲೆ ಬಾಚಿ, ನಾನೂ ಸೀರೆ ಉಟ್ಟು, ಅತ್ತೆಯ ಮುಂದೆ ನಿಂತು, ಮಠಕ್ಕೆ ಹೋಗಿ ಬರುತ್ತೇವೆ ಅಂದೆ. ಒಂದೇ ಒಂದು ಪ್ರಶ್ನೆ ಬರಲಿಲ್ಲ. ಅತ್ತೆ ಒಳಗೆ ಹೋಗಿ ಒಂದು ತೆಂಗಿನಕಾಯಿ, ಸೇವಂತಿಗೆ ಹೂವು ತಂದು ಬುಟ್ಟಿಯಲ್ಲಿಟ್ಟು ಕೊಟ್ಟರು, ಗದ್ದುಗೆಗೆ ಅಂತ. ಅಷ್ಟು ವರ್ಷ ನನ್ನನ್ನು ಕಟ್ಟಿಹಾಕಿದ್ದ ಹೆಸರು ಅವತ್ತು ಗೇಟಿನ ಬೀಗದಕೈ ಆಯಿತು. ಬುಟ್ಟಿಯ ಸಮೇತ ಆಟೋ ಹತ್ತಿ ಸರಸ್ವತಿಪುರಂಗೆ ಹೋದೆವು. ಕಾಯಿ ಮತ್ತು ಹೂವನ್ನು ಕ್ಲಿನಿಕ್ಕಿನ ನರ್ಸಿಗೆ ಕೊಟ್ಟೆ. ಅವಳು ಪಾಪ, ಇವತ್ತೇನು ಹಬ್ಬ ಎಂದು ಕೇಳಿದಳು.

ಡಾಕ್ಟರು ಮಗಳ ಹತ್ತಿರ ತುಂಬ ಹೊತ್ತು ಮಾತಾಡಿದರು. ಇದಕ್ಕೆ ಆತಂಕದ ಕಾಯಿಲೆ ಎಂಬ ಹೆಸರಿದೆ, ಬಹಳ ಜನಕ್ಕೆ ಬರುತ್ತದೆ, ಹೋಗುತ್ತದೆ ಎಂದು ಅವಳಿಗೇ ಹೇಳಿದರು. ಹೆದರಿಕೆ ಬಂದಾಗ ಅದನ್ನು ಮುಚ್ಚಿಡಬೇಡ, ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಬಾಯಿಬಿಟ್ಟು ಹೇಳು, ಮುಷ್ಟಿ ಬಿಚ್ಚು, ಉಸಿರನ್ನು ನಿಧಾನ ಹೊರಗೆ ಬಿಡು. ಇಷ್ಟೇ ಮನೆಪಾಠ. ಆಮೇಲೆ ಮಗಳನ್ನು ಹೊರಗೆ ನರ್ಸಿನ ಹತ್ತಿರ ಕೂರಿಸಿ, ನಿಮಗೆ ಎಷ್ಟು ವರ್ಷದಿಂದ ಇದೆ ಎಂದು ನನ್ನನ್ನು ಕೇಳಿದರು. ನನ್ನ ಕೈ ಕೊರಳಲ್ಲಿತ್ತು. ಮದುವೆಯಾದಾಗಿನಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು. ಗಟ್ಟಿಯಾಗಿ ಅಳುವುದು ಬಂತು, ಅತ್ತುಬಿಟ್ಟೆ. ನನಗೆ ಮಾತ್ರೆ ಬರೆದುಕೊಟ್ಟರು.

ಹೀಗೆ ನಮ್ಮ ಮಠದ ಶನಿವಾರಗಳು ಶುರುವಾದವು. ಪ್ರತಿ ಸಲ ಅತ್ತೆ ಕಾಯಿ ಕೊಡುತ್ತಿದ್ದರು, ನಾನು ಯಾರಿಗಾದರೂ ದಾಟಿಸುತ್ತಿದ್ದೆ. ತಿಂಗಳುಗಳು ಹೋದ ಹಾಗೆ ಮಗಳ ಮುಖಕ್ಕೆ ಬಣ್ಣ ಬಂತು. ನನಗೂ ಫೋನಿನ ಸದ್ದು ಬರೀ ಫೋನಿನ ಸದ್ದಾಯಿತು. ಮಗಳು ಗೆಲುವಾದದ್ದು ದೀಕ್ಷೆಯ ಮಹಿಮೆ ಎಂದು ಬೀದಿಯವರು ಮಾತಾಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಅತ್ತೆ ಮತ್ತು ನಾನು ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಇವರ ಬಸ್ಸು ತಡವಾಗಿತ್ತು. ಗೇಟಿನ ಹತ್ತಿರ ಆಡುತ್ತಿದ್ದ ಮಗಳು ನಿಂತಳು. ಕೈ ಕೊರಳ ತನಕ ಹೋಯಿತು, ವಾಪಸ್ಸು ಬಂತು. ಅಂಗೈ ಬಿಚ್ಚಿಕೊಂಡು ಅಜ್ಜಿಯ ಮುಂದೆ ಬಂದು, ಅಜ್ಜಿ ನಂಗೆ ಹೆದ್ರಿಕೆ ಆಗ್ತಿದೆ ಎಂದು ಸಲೀಸಾಗಿ ಹೇಳಿದಳು. ಉಸಿರು ಬಿಟ್ಟಳು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಈಗ ಕಮ್ಮಿ ಆಯ್ತು ಎಂದು ಮತ್ತೆ ಆಡಲು ಹೋದಳು. ಅತ್ತೆಯ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು.

"ಆ ಡಾಕ್ಟ್ರು ಇಂಗೆ ಏಳ್ಕೊಟ್ರಾ?" ಅಂದರು.

ನಾನು ಸಿಪ್ಪೆಯ ತಟ್ಟೆಯನ್ನು ಇನ್ನೊಂದು ಕಡೆಗೆ ಸರಿಸಿದೆ.

"ಮಠಕ್ಕೆ ಓಗಿ ಬಂದೋರ ಅಣೆ ನೋಡುದ್ರೆ ಗೊತ್ತಾಗಲ್ವೇನವ್ವ? ಒಂದಿನಾನಾದ್ರೂ ಒಸಾ ವಿಭೂತಿ ಇಟ್ಕೊಂಡು ಬಂದ್ರಾ ನೀವು? ಒಂದು ಓಳು ಕಾಯಾದ್ರೂ ತಂದ್ರಾ?"

ಅವರು ಮತ್ತೆ ಕಾಳು ಹಿತುಕಲು ಶುರುಮಾಡಿದರು. ಮುಖ ಎತ್ತದೆ ಹೇಳಿದರು. ಡಾಕ್ಟರ ವಿಷಯ ಮಾತ್ರವಲ್ಲ, ನನ್ನದೂ ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ, ಒಗ್ಗರಣೆ ಸೀದ ದಿನವೇ. ಅವರಿಗೂ ಹಾಗೇ ಆಗುತ್ತಿತ್ತಂತೆ, ಮದುವೆಯಾದ ಹೊಸದರಲ್ಲಿ, ನಂಜನಗೂಡಿನ ಆಚೆಯ ಹಳ್ಳಿಯ ಮನೆಯಲ್ಲಿ. ಅವರ ಅತ್ತೆ ಅದನ್ನು ಗಾಳಿ ಸೋಕಿದೆ ಅಂದರಂತೆ. ಮಂತ್ರವಾದಿಯನ್ನು ಕರೆಸಿದರಂತೆ. ಬೀದಿಯ ಜನರ ಮುಂದೆ ಕೂರಿಸಿ ಬೇವಿನ ಸೊಪ್ಪಿನಲ್ಲಿ ಹೊಡೆದರಂತೆ, ಮೆಣಸಿನಕಾಯಿ ಹೊಗೆ ಹಾಕಿದರಂತೆ. ಅದಾದ ಮೇಲೆ ಆ ಊರಲ್ಲಿ ಅವರ ಕೈಯಿಂದ ಯಾರೂ ಮಗು ಎತ್ತಿಸಲಿಲ್ಲವಂತೆ.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅತ್ತೆ?"

"ಸುಮ್ಕೆ ಎಲ್ಲಿದ್ದೆ? ನಿಂಗೆ ಬೇವಿನ್ ಸೊಪ್ಪು ಬೀಳಬಾರ್ದು ಅಂತಾನೇ ಭಕ್ತಿ ಅಂದುದ್ದು ಕಣವ್ವ. ಗಾಳಿ ಇಡ್ದೋಳು ಅನ್ನುಸ್ಕೊಳೋದ್ಕಿಂತ ಮೇಲಲ್ವಾ?"

ಇಲ್ಲಿ ನನಗೆ ಕರುಣೆ ಉಕ್ಕಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಉಕ್ಕಲಿಲ್ಲ. ಸಿಟ್ಟೇ ಬಂತು, ಹೊಟ್ಟೆಯೊಳಗಿಂದ ಬಂತು. ಅವರಿಗೆ ಬಿದ್ದ ಏಟು ಒಂದು ಮಧ್ಯಾಹ್ನಕ್ಕೆ ಮುಗಿದಿತ್ತು, ನನಗೆ ಅವರು ಹೂವು ಮುಡಿಸಿ ಮುಡಿಸಿ ವರ್ಷಗಟ್ಟಲೆ ಹೊಡೆದರು, ಆಮೇಲೆ ಅದೇ ಜಾಗಕ್ಕೆ ನನ್ನ ಮಗಳನ್ನೂ ತಂದು ಕೂರಿಸಿದರು. ಹೀಗೆ ಹೇಳಬೇಕು ಎಂದು ಬಾಯಿ ತೆರೆದೆ. ಅವರ ಎಡಗೈ ಕೊರಳಲ್ಲಿತ್ತು. ಮುಷ್ಟಿ ಬಿಗಿಯಾಗಿತ್ತು. ಮಗನ ಬಸ್ಸು ಇನ್ನೂ ಬಂದಿರಲಿಲ್ಲವಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನೂ ಅದನ್ನು ಅವರ ಭಕ್ತಿ ಎಂದೇ ನೋಡಿದ್ದೆ. ಬಾಯಿ ಮುಚ್ಚಿಕೊಂಡೆ.

ಎದ್ದು ಒಳಗೆ ಹೋಗುವಾಗ ಅತ್ತೆ, ಮುಂದಿನ ಶನಿವಾರ ಮಠಕ್ಕೆ ತಾನೂ ಬರುತ್ತೇನೆ ಅಂದರು.

ಬಂದರು. ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. ಡಾಕ್ಟರು ಅವರನ್ನು ತುಂಬ ಗೌರವದಿಂದ ಕೂರಿಸಿ, ಹೇಳಿ ಅಮ್ಮ, ಏನು ತೊಂದರೆ ಎಂದು ಕೇಳಿದರು. ಅತ್ತೆಯ ತುಟಿ ಅಲ್ಲಾಡಿತು. ಗೋಡೆ ನೋಡಿದರು, ನನ್ನನ್ನು ನೋಡಿದರು. ನನಗೇನಿಲ್ಲ ಡಾಕ್ಟ್ರೇ, ಮೊಮ್ಮಗಳ ಜೊತೆಗೆ ಬಂದೆ ಅಷ್ಟೇ ಅಂದರು. ಡಾಕ್ಟರು ಮತ್ತೆ ಕೇಳಿದರು, ನಾನೂ ಹೇಳಿ ಅತ್ತೆ ಎಂದೆ. ಏನಿಲ್ಲ ಅಂದರೆ ಏನಿಲ್ಲ ಎಂದು ಎದ್ದು ನಿಂತರು. ಅಷ್ಟು ಹೊತ್ತೂ ಮುಷ್ಟಿ ಬಿಚ್ಚಿರಲಿಲ್ಲ.

ಆಟೋದಲ್ಲಿ ವಾಪಸ್ಸು ಹೊರಟೆವು. ನಮ್ಮ ಬೀದಿಯ ತಿರುವು ಬಂದಾಗ ಅತ್ತೆ ಆಟೋದವನಿಗೆ ನಿಲ್ಲಿಸು ಅಂದರು. ಸೊಂಟದ ಚೀಲದಿಂದ ವಿಭೂತಿಗಟ್ಟಿ ತೆಗೆದು, ಬೆರಳಿಗೆ ತೇಯ್ದುಕೊಂಡು, ತಮ್ಮ ಹಣೆಗೆ ಮೂರು ಗೆರೆ ಎಳೆದುಕೊಂಡರು. ನನ್ನ ಹಣೆಗೆ ಎಳೆದರು. ನಡುವೆ ಕೂತಿದ್ದ ಮಗಳ ಗಲ್ಲ ಹಿಡಿದು ಅವಳ ಹಣೆಗೂ ಎಳೆದರು. ಇನ್ನು ನಡಿ ಅಂದರು. ಪಕ್ಕದ ಮನೆಯಾಕೆ ಗೇಟಿನಲ್ಲೇ ನಿಂತಿದ್ದಳು, ಮಠಕ್ಕೆ ಹೋಗಿದ್ರಾ ಎಂದು ಕೈಮುಗಿದು ಕೇಳಿದಳು. ಅತ್ತೆ ಹೂಂ ಅಂದರು. ನಾನೂ ಹೂಂ ಅಂದೆ.

ಮಗಳು ಆಟೋದಿಂದ ಇಳಿದವಳೇ ಕರ್ಚೀಫು ತೆಗೆದು ಹಣೆ ಒರೆಸಿಕೊಂಡಳು. "ಇಲ್ಲ ಆಂಟಿ, ಡಾಕ್ಟರ್ ಹತ್ರ ಹೋಗಿದ್ವಿ," ಎಂದು ಹೇಳಿ ಗೇಟು ತೆಗೆದು ಒಳಗೆ ಹೋದಳು.